ಎರಡು ಹಾಲಿನ ಕ್ಯಾನು, ಒಂದು ಇಳಕಲ್ ಅಂಚು

ಗ್ಯಾರೇಜಿನಲ್ಲಿ ನಿಜವಾಗಿಯೂ ಕಾರು ನಿಲ್ಲಿಸುವ ಕನ್ನಡಿಗರು ಈ ಬೇ ಏರಿಯಾದಲ್ಲಿ ಯಾರಾದರೂ ಇದ್ದರೆ ಅವರನ್ನು ಕರೆದು ಶಾಲು ಹೊದಿಸಿ ಸನ್ಮಾನಿಸಬೇಕು. ನೆವಾರ್ಕಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಸೋನಾ ಮಸೂರಿಯ ಖಾಲಿ ಚೀಲಗಳು, ಗೊಂಬೆ ಹಬ್ಬದ ಮೆಟ್ಟಿಲು, ಮಗಳು ಎರಡೇ ವಾರ ನುಡಿಸಿ ಕೈಬಿಟ್ಟ ಪಿಟೀಲು, ಮತ್ತು ನಾನು ಹತ್ತಾರು ಮೆರವಣಿಗೆಗಳಲ್ಲಿ ಎತ್ತಿ ಹಿಡಿದ ಘೋಷಣಾ ಫಲಕಗಳು. ಫಲಕಗಳನ್ನು ನಾನು ಎಸೆಯುವುದಿಲ್ಲ. ಅನ್ಯಾಯಗಳಿಗೆ ವಯಸ್ಸಾಗುವುದಿಲ್ಲವಾದ್ದರಿಂದ ಅವು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತವೆ.

ಕಳೆದ ಶನಿವಾರ ಬೆಳಿಗ್ಗೆ ವಾಟರ್ ಹೀಟರು ಸೋರತೊಡಗಿತು. ಪ್ಲಂಬರು ಬರುವ ಮುನ್ನ ಅದರ ಸುತ್ತಲಿನ ಸಾಮಾನು ತೆರವು ಮಾಡಬೇಕಿತ್ತು. ಮೊಣಕಾಲೂರಿ ಕುಳಿತು ಹೀಟರಿನ ಹಿಂದಿನ ಸಂದಿಗೆ ಕೈ ಹಾಕಿದರೆ, ಧೂಳು ಮೆತ್ತಿದ ಎರಡು ಖಾಲಿ ಹಾಲಿನ ಕ್ಯಾನುಗಳು ಕೈಗೆ ಬಂದವು. ಒಂದೊಂದು ಗ್ಯಾಲನ್ನಿನವು, ಮುಚ್ಚಳ ಭದ್ರವಾಗಿ ತಿರುಗಿಸಿದವು. ಎರಡರ ಹಿಡಿಗಳನ್ನೂ ಸೇರಿಸಿ ಇಳಕಲ್ ಸೀರೆಯಿಂದ ಹರಿದ ಕೆಂಪು ಅಂಚಿನಲ್ಲಿ ಗಂಟು ಹಾಕಿತ್ತು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಅವು ಅಲ್ಲಿರುವುದು ನನಗೆ ಗೊತ್ತಿತ್ತು. ಮೂರು ವರ್ಷಗಳಿಂದ ಗೊತ್ತಿತ್ತು.

ಓದುಗರೇ, ನಾನು ಸ್ವಭಾವತಃ ಸಿಟ್ಟಿನವಳು. ಇದಕ್ಕೆ ನನ್ನ ಶಾಲೆಯೇ ಹೊಣೆ. ಮೈಸೂರಿನ ಹೊರವಲಯದಲ್ಲಿದ್ದ ಆ ಶಾಲೆಯಲ್ಲಿ ಗಂಟೆ ಬಾರಿಸುತ್ತಿರಲಿಲ್ಲ, ಪರೀಕ್ಷೆ ಇರಲಿಲ್ಲ, ಮೇಷ್ಟರು ಮಕ್ಕಳೆಲ್ಲರೂ ಹೊಂಗೆ ಮರದ ಕೆಳಗೆ ಒಂದೇ ವೃತ್ತದಲ್ಲಿ ಕೂರುತ್ತಿದ್ದೆವು. ನಾವು 'ಅಕ್ಕ' ಎಂದೇ ಕರೆಯುತ್ತಿದ್ದ ನಮ್ಮ ಸಮಾಜ ಪಾಠದ ಶಿಕ್ಷಕಿ ಪ್ರತಿ ಸೋಮವಾರ ಹೇಳುತ್ತಿದ್ದ ಮಾತೊಂದಿದೆ: "ತಪ್ಪು ಕಂಡರೆ ಅದರ ಹೆಸರು ಹಿಡಿದು ಕರೆಯಿರಿ. ಹೆಸರು ಹೇಳದ ತಪ್ಪು ನಿಮ್ಮ ಮನೆಯಲ್ಲೇ ಬಂದು ವಾಸ ಮಾಡುತ್ತದೆ." ಇದನ್ನು ಅಕ್ಷರಶಃ ಪಾಲಿಸಿದ ನಾನು ಹತ್ತನೆಯ ವಯಸ್ಸಿನಲ್ಲಿ, ಬೆಳಗಿನ ಪತ್ರಿಕೆಯನ್ನು ಅಪ್ಪನೇ ಮೊದಲು ಏಕೆ ಓದಬೇಕು ಎಂದು ಪ್ರಶ್ನಿಸಿ ಅಪ್ಪನಿಗೇ ಲಿಖಿತ ಮನವಿ ಸಲ್ಲಿಸಿದೆ. ಅಪ್ಪ ಅದನ್ನು ಪತ್ರಿಕೆಯ ಪುಟಗಳ ನಡುವೆ ಇಟ್ಟು ಮರೆತರು. ಅಂದಿನಿಂದ ಇಂದಿನವರೆಗೆ ನಾನು ಸಲ್ಲಿಸಿದ ಮನವಿಗಳ ಪೈಕಿ ಬಹುಪಾಲಿನ ಗತಿ ಅದೇ ಆಗಿದೆ, ಆದರೆ ಕೈ ನಿಂತಿಲ್ಲ.

ಕ್ಯಾನುಗಳ ವಿಷಯಕ್ಕೆ ಬರುತ್ತೇನೆ. ಅವುಗಳನ್ನು ಕಟ್ಟಿದವರು ನನ್ನ ಅತ್ತೆ, ಬಾಗಲಕೋಟೆಯವರು, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಒಂದು ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಅವರು ರೀಸೈಕಲ್ ಡಬ್ಬಿಯೊಳಗಿಂದ ಈ ಎರಡು ಕ್ಯಾನುಗಳನ್ನು ಹೊರತೆಗೆದು, ತೊಳೆದು, ಒರೆಸಿ, ಮಕ್ಕಳ ತಲೆ ಸವರುವಂತೆ ಸವರುತ್ತ ಕೂತಿದ್ದರು.

"ಇದೆಲ್ಲ ಯಾಕೆ ಅತ್ತೆ?" ಎಂದೆ.

"ಈಜಾಕ."

"ಯಾರು?"

"ಯಾರಂದ್ರ ಏನವಾ? ನಾನು. ಹದಿಮೂರು ತುಂಬಿದ ಮ್ಯಾಲೆ ನೀರಿಗೆ ಇಳದಿಲ್ಲ. ಒಮ್ಮಿ ಅಂಗಾತ ಬಿದ್ದು ಆಕಾಶ ನೋಡಬೇಕಂತ ಐತಿ. ಅಷ್ಟ."

ನನ್ನ ಗಂಡ ಗಿರೀಶ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತ. "ಅವ್ವಾ, ನಿನಗ ಈಜು ಬರ್ತಿತ್ತಾ? ಒಂದು ದಿನಾನೂ ಹೇಳಿಲ್ಲ ನನಗ!"

"ನೀ ಕೇಳಿಲ್ಲ."

ಬಾಗಲಕೋಟೆಯ ಹಳೇ ಊರಿನ ಅವರ ಓಣಿಯಲ್ಲಿ ಒಂದು ಮೆಟ್ಟಿಲು ಬಾವಿಯಿತ್ತಂತೆ. ಮಧ್ಯಾಹ್ನ ಗಂಡಸರು ಉಂಡು ಅಡ್ಡಾದ ಮೇಲೆ ಓಣಿಯ ಹುಡುಗಿಯರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅದಕ್ಕೆ ಧುಮುಕುತ್ತಿದ್ದರು. ಬುರುಡೆ ತೇಲಿಸುತ್ತದೆ, ಕೈಕಾಲು ಬಡಿಯುವುದು ಮಾತ್ರ ನಿಮ್ಮ ಪಾಲಿನ ಕೆಲಸ. ಹದಿಮೂರಕ್ಕೆ ಅವರು ದೊಡ್ಡವರಾದರು, ಅವರ ಅಜ್ಜಿ ಬಾವಿಗೆ ಹೋಗಕೂಡದೆಂದರು. ಬರಿಯ ಮಾತಲ್ಲ, ಮರುದಿನವೇ ಆ ಬುರುಡೆಯ ಕುತ್ತಿಗೆ ಕೊಯ್ದು ಅದರೊಳಗೆ ಹೆಸರುಕಾಳಿನ ಬೀಜ ತುಂಬಿ, ಮೊಮ್ಮಗಳ ಕಣ್ಣೆದುರೇ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದರು. "ದಿನಾ ಅದನ್ನ ನೋಡೂದು, ದಿನಾ ಸುಮ್ಮಕಾಗೂದು," ಎಂದು ಅತ್ತೆ ಕ್ಯಾನಿನ ಮುಚ್ಚಳ ತಿರುಗಿಸುತ್ತ ಹೇಳಿದರು. ಮುಂದೆ ಆಣೆಕಟ್ಟಿನ ಹಿನ್ನೀರು ಬಂದು ಹಳೇ ಊರಿನ ಆ ಭಾಗವನ್ನೇ ಮುಳುಗಿಸಿತು. ಹೆಣ್ಣುಮಕ್ಕಳು ಈಜಿದ ಬಾವಿಯೇ ಈಗ ಮುಳುಗಿ, ಕೆರೆಯಷ್ಟು ನೀರಿನ ತಳದಲ್ಲಿ ಕೂತಿದೆ. ಈ ಕಥೆ ಕೇಳಿ ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅಜ್ಜಿಯ ಮೇಲೆ, ಅಜ್ಜಿಯ ಹಿಂದಿದ್ದ ಗಂಡಸರ ಮೇಲೆ, ಮುಳುಗಡೆಯ ಊರುಗಳಿಗೆ ಸಿಕ್ಕ ನ್ಯಾಯದ ಮೇಲೆ, ಒಂದು ಸಲವೂ ಕೇಳದಿದ್ದ ನನ್ನ ಗಂಡನ ಮೇಲೆ ಅಂದು ಸಂಜೆಯವರೆಗೆ ಉರಿಯುತ್ತಲೇ ಇದ್ದೆ.

ಅತ್ತೆ ಹಳೆಯ ಸೀರೆಯೊಂದರ ಅಂಚು ಹರಿದು, ಎರಡೂ ಕ್ಯಾನುಗಳನ್ನು ಜೋಡಿಸಿದರು. ಗಂಟು ನನಗೆ ತೀರ ಸಡಿಲವಾಗಿ ಕಂಡಿತು. ಹಾಗೆಂದು ಹೇಳಿದ್ದಕ್ಕೆ ನಕ್ಕರು. "ಇದು ಬಾವಿಗಂಟು. ಒಣಗಿದ್ದಾಗ ಹಿಂಗ ನಂಬಿಗಿ ಇಲ್ಲದಂಗ ಕಾಣತೈತಿ. ಅರಿವಿ ನೀರು ಕುಡೀತಂದ್ರ ತಾನ ಬಿಗೀತೈತಿ. ಆಮ್ಯಾಲೆ ಬಿಚ್ಚಾಕ ಹಲ್ಲು ಬೇಕು."

ಮೊದಲು ಪ್ರಯತ್ನಿಸಿದ್ದು ನಮ್ಮ ಮನೆಗಳ ಸಾಲಿಗೆ ಸೇರಿದ ಈಜುಕೊಳದಲ್ಲಿ. ಅತ್ತೆ ಸೀರೆಗೆ ಕಚ್ಚೆ ಹಾಕಿ, ಸೊಂಟಕ್ಕೆ ಕ್ಯಾನು ಕಟ್ಟಿಕೊಂಡು, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರಷ್ಟೆ. ಕೊಳವನ್ನು ನೋಡಿಕೊಳ್ಳುವ ಯುವತಿ ಓಡಿಬಂದಳು. ಈಜುಡುಗೆ ಕಡ್ಡಾಯ, ಹೊರಗಿನ ತೇಲುವ ಸಾಮಗ್ರಿಗಳು ನಿಷಿದ್ಧ ಎಂದು ಗೋಡೆಯ ಫಲಕವನ್ನು ಬೆರಳಿಟ್ಟು ತೋರಿಸಿದಳು. ಸುತ್ತ ಆರಾಮಕುರ್ಚಿಗಳಲ್ಲಿ ನಮ್ಮ ನೆರೆಹೊರೆಯವರೆಲ್ಲ ಇದ್ದರು, ಒಬ್ಬಿಬ್ಬರು ನಗುವನ್ನು ಟವೆಲಿನಲ್ಲಿ ಒರೆಸಿಕೊಂಡರು. ಹತ್ತಿ ಸೀರೆಯನ್ನು ಉಡುಗೆಯೆಂದೇ ಒಪ್ಪದ ಆ ನಿಯಮವನ್ನು ಖಂಡಿಸಿ ನಾನು ಮನೆಮಾಲೀಕರ ಸಂಘಕ್ಕೆ ಎರಡು ಪುಟಗಳ ಪತ್ರ ಬರೆದೆ. ಪತ್ರ ಚೆನ್ನಾಗಿತ್ತು. ಆದರೆ ಬರೆದದ್ದು ಮರುದಿನ. ಆ ಹೊತ್ತಿನಲ್ಲಿ, ಆ ಕುರ್ಚಿಗಳ ಎದುರಿನಲ್ಲಿ, ನಾನು ಮಾಡಿದ್ದು ತಲೆ ತಗ್ಗಿಸಿ, "ಬನ್ನಿ ಅತ್ತೆ, ಹೋಗೋಣ," ಎಂದು ಪಿಸುಗುಟ್ಟಿದ್ದು ಮಾತ್ರ.

ಇರಲಿ, ಕೊಳವೇ ಏಕೆ ಬೇಕು? ನಮ್ಮ ಉತ್ತರಕ್ಕೆ ಸಾಲು ಸಾಲು ಕೆರೆಗಳಿವೆ, ಜುಲೈ ಕೊನೆಗೆ ನಾವು ಹೇಗೂ ಕರಾವಳಿಯ ಪ್ರವಾಸ ಹೊರಡುವವರು, ಅತ್ತೆ ಊರಿಗೆ ಮರಳುವ ಮುನ್ನ ಅವರನ್ನು ಒಂದು ಕೆರೆಯಲ್ಲಿ ತೇಲಿಸಿಯೇ ಕಳಿಸುವುದೆಂದು ನಿಶ್ಚಯಿಸಿದೆವು. ನಾಲ್ಕು ದಿನದ ಪ್ರವಾಸ, ಮುಗಿದ ಮರುದಿನ ಅವರ ವಿಮಾನ. ಮೂರು ದಿನಕ್ಕಾಗುವಷ್ಟು ಚಪಾತಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಪುಳಿಯೋಗರೆ ಗೊಜ್ಜು ಕಾರಿಗೇರಿದವು. ಕ್ಯಾಂಪಿನ ಜಾಗ ನಮಗೆ ಸಿಕ್ಕಿರಲಿಲ್ಲ. ಸರ್ಕಾರಿ ಕ್ಯಾಂಪುಗಳ ಜಾಗವನ್ನು ಆರು ತಿಂಗಳು ಮೊದಲು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಕಂಪ್ಯೂಟರಿನ ಮುಂದೆ ಬೆರಳು ಮಸೆದು ಕೂತವರು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತಾರೆ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ, ಬಸ್ಸು ಓಡಿಸುವ ಕೆಲಸದಲ್ಲಿರುವವರಿಗೆ ಸಾರ್ವಜನಿಕ ಕಾಡು ಸಾರ್ವಜನಿಕವಲ್ಲ. ಈ ಬಗ್ಗೆಯೂ ಒಂದು ಮನವಿ ಬರೆದಿದ್ದೇನೆ. ನಾವು ಮೋಟೆಲಿನಲ್ಲಿ ಉಳಿದೆವು.

ಗೋಲ್ಡನ್ ಗೇಟ್ ದಾಟಿ ಹೈವೇ ನಂಬರ್ ಒಂದನ್ನು ಹಿಡಿದು ಜೆನ್ನರ್ ಆಚೆಗೆ ಹೋದವರಿಗೆ ಆ ಕರಾವಳಿ ಗೊತ್ತು. ಕಾರವಾರದ ಕಡಲಿನ ಹಾಗೆ ಕಾಲಬುಡಕ್ಕೆ ಬಂದು ಮಾತಾಡಿಸುವ ಸಮುದ್ರವಲ್ಲ ಅದು. ರಸ್ತೆಯ ಒಂದು ಬದಿಗೆ ನೆಟ್ಟಗೆ ಕಡಿದ ಬಂಡೆ, ನೂರಾರು ಅಡಿ ಕೆಳಗೆ ಹಲ್ಲು ಕಿಸಿದ ಕಲ್ಲುಗಳು, ಕಲ್ಲುಗಳ ಸುತ್ತ ಬಿಳಿ ನೊರೆ, ಗಾಳಿಗೆ ಒಂದೇ ಕಡೆಗೆ ಬಾಗಿ ಬೆಳೆದ ಸೈಪ್ರೆಸ್ ಮರಗಳು, ನಡು ಬೇಸಿಗೆಯಲ್ಲೂ ಕಂಬಳಿ ಕೇಳುವ ಮಂಜು. ಒಂದು ತಿರುವಿನಲ್ಲಿ ಇಳಿದು ನಿಂತೆವು. ಸಮುದ್ರಕ್ಕೆ ಎಂದೂ ಬೆನ್ನು ತೋರಿಸಬೇಡಿ ಎಂಬ ಎಚ್ಚರಿಕೆಯ ಫಲಕವನ್ನು ಅತ್ತೆ ಎರಡು ಸಲ ಓದಿದರು.

"ನಮ್ಮ ಪೋಸ್ಟ್‌ಮಾಸ್ಟರ್ ಕುರ್ಚಿ ಹಿಂದ ಹಿಂಗೊಂದು ಬೋರ್ಡ್ ಇರಬೇಕಿತ್ತು ನೋಡು," ಎಂದರು.

ಎರಡನೆಯ ದಿನ ಅತ್ತೆ ಸಮುದ್ರದ ನೀರನ್ನು ಕೈಯಿಂದ ಮುಟ್ಟಬೇಕೆಂದರು, ಈಜಲಿಕ್ಕಲ್ಲ, ಸುಮ್ಮನೆ ತಲೆಗೆ ಪ್ರೋಕ್ಷಿಸಿಕೊಳ್ಳಲು. ನಕಾಶೆಯಲ್ಲಿ ಸಾರ್ವಜನಿಕರಿಗಾಗಿ ಬಿಟ್ಟ ಕಾಲುದಾರಿಯೊಂದು ಸ್ಪಷ್ಟವಾಗಿತ್ತು. ಹೋಗಿ ನೋಡಿದರೆ ಅದರ ಬಾಯಿಗೆ ಕಬ್ಬಿಣದ ಗೇಟು, ಗೇಟಿಗೆ ಕ್ಯಾಮರಾ, 'ಖಾಸಗಿ ಆಸ್ತಿ' ಎಂಬ ಫಲಕ, ಹಿಂದೆ ಗಾಜಿನ ಗೋಡೆಗಳ ಒಂದು ಮನೆ. ಈ ರಾಜ್ಯದಲ್ಲಿ ಅಲೆ ತೋಯಿಸುವ ಮರಳು ಎಲ್ಲರದೂ ಹೌದು. ಅದಕ್ಕೆ ಹೋಗುವ ದಾರಿಯನ್ನು ಮುಚ್ಚಿಬಿಟ್ಟರೆ ಆ ಹಕ್ಕನ್ನು ಗಾಳಿಪಟದಂತೆ ದೂರದಿಂದ ನೋಡಬಹುದು, ಅಷ್ಟೇ. ನಾನು ಗೇಟಿನ ಗುಂಡಿ ಒತ್ತಿದೆ. ನಾಯಿಯೊಂದನ್ನು ಹಿಡಿದು ಗೃಹಸ್ಥನೊಬ್ಬ ಬಂದು, ನಿಮಗೇನಾದರೂ ಸಹಾಯ ಬೇಕೇ ಎಂದು ಕೇಳಿದ. ಸಹಾಯ ಮಾಡುವ ಉದ್ದೇಶ ಎಳ್ಳಷ್ಟೂ ಇಲ್ಲದವರು ಈ ದೇಶದಲ್ಲಿ ಕೇಳುವ ಪ್ರಶ್ನೆ ಅದು. ನಾನು ನಕಾಶೆ ಬಿಡಿಸಿದೆ, ಕಾನೂನು ಹೇಳಿದೆ, ಗೇಟಿನ, ಫಲಕದ, ಕ್ಯಾಮರಾದ ಛಾಯಾಚಿತ್ರ ತೆಗೆದೆ. ಒಂದೂಕಾಲು ಗಂಟೆಯ ಬಳಿಕ ಆತ ಹಲ್ಲು ಕಚ್ಚಿ ಗೇಟು ತೆರೆದ.

ವಿಜಯಿಯಾಗಿ ಕಾರಿಗೆ ಮರಳಿದೆ. ಅಷ್ಟರಲ್ಲಿ ಮಂಜು ಇಳಿದು ಸಮುದ್ರವೇ ಮಾಯವಾಗಿತ್ತು, ಉಬ್ಬರದ ನೀರು ಕೆಳಗಿನ ಮರಳನ್ನೆಲ್ಲ ನುಂಗಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಚಕ್ಕುಲಿ ಮುರಿಯುತ್ತಿದ್ದರು.

"ಗೆದ್ದೆಲ್ಲಾ? ಛಲೋ ಆತು. ಇನ್ನ ಊಟಾ ಮಾಡೂಣು."

ಮೂರನೆಯ ದಿನ ಕರಾವಳಿಯ ಗುಡ್ಡಗಳನ್ನು ದಾಟಿ ಒಳನಾಡಿಗೆ ಬಂದೆವು. ಈ ಪ್ರದೇಶದ ವಿಚಿತ್ರ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಸ್ವೆಟರಿನಲ್ಲಿ ನಡುಗುತ್ತಿದ್ದವರು ಒಂದು ಗಂಟೆಯ ದಾರಿ ಒಳಗೆ ಬಂದರೆ ಬಾಗಲಕೋಟೆಯ ಏಪ್ರಿಲ್ಲಿನಲ್ಲಿರುತ್ತಾರೆ. ಮೊದಲ ಕೆರೆ ದೊಡ್ಡದು. ದೂರದಿಂದ ನೀಲಿಯಾಗಿ ಕಂಡದ್ದು ಹತ್ತಿರ ಹೋಗುತ್ತಿದ್ದಂತೆ ಪಾಲಕ್ ಬೇಯಿಸಿ ರುಬ್ಬಿದ ಬಣ್ಣಕ್ಕೆ ತಿರುಗಿತು. ದಡದಲ್ಲಿ ಕೆಂಪು ಫಲಕ: ವಿಷಕಾರಿ ಪಾಚಿಯಿದೆ, ಇಳಿಯಬೇಡಿ, ಮೀನು ತಿನ್ನಬೇಡಿ, ನಾಯಿಗೂ ಕುಡಿಸಬೇಡಿ. ಅಲ್ಲಿ ನಿಂತು ನಾನು ಎಷ್ಟು ಹೊತ್ತು ಆ ಫಲಕವನ್ನು ಬೈದೆನೆಂದರೆ, ದಡದ ಬಾತುಕೋಳಿಗಳು ಎದ್ದು ಹೋದವು. ಸುತ್ತಲಿನ ತೋಟಗಳ ಗೊಬ್ಬರ ಹರಿದು ಬರಲಿ, ಮನೆಗಳ ಕೊಳಚೆ ಇಂಗಿ ಬರಲಿ, ವರ್ಷದಿಂದ ವರ್ಷಕ್ಕೆ ಸೆಕೆ ಏರಲಿ, ಫಲಕ ಮಾತಾಡುವುದು ಮುಳುಗೇಳಲು ಬಂದ ಮುದುಕಿಯೊಡನೆ ಮಾತ್ರ. ನೀರಿಗೆ ಇಳಿಯುವವರಿಗೆ ಇಳಿಯಬೇಡಿ ಎನ್ನುತ್ತದೆ, ಸುರಿಯುವವರಿಗೆ ಸುರಿಯಬೇಡಿ ಎನ್ನುವ ಫಲಕವನ್ನು ನಾನು ಯಾವ ದಡದಲ್ಲೂ ಕಂಡಿಲ್ಲ. ಅಷ್ಟೇ ಅಲ್ಲ, ಆ ನೀರಿಗೆ ಸಾವಿರಾರು ವರ್ಷ ಹೆಸರಿಟ್ಟು ಕರೆದ ಮೂಲನಿವಾಸಿಗಳ ಭಾಷೆಯ ಒಂದೇ ಒಂದು ಪದವೂ ಅಲ್ಲಿರಲಿಲ್ಲ.

"ಬಾರವಾ, ಅದಕ್ಕ ಕಿವಿ ಇಲ್ಲ," ಎಂದು ಅತ್ತೆ ನನ್ನ ತೋಳು ಹಿಡಿದು ಎಳೆದರು.

ಎರಡನೆಯ ಕೆರೆ ತಿಳಿಯಾಗಿತ್ತು, ಸುತ್ತ ಬೇಲಿಯಿತ್ತು. ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ.

"ಕೆರಿಗೂ ಮೆಂಬರ್ ಆಗಬೇಕೇನು?" ಎಂದು ಅತ್ತೆ ಕೇಳಿದರು. "ನಮ್ಮ ಓಣಿ ಬಾವಿಗೆ ಆಡು ಸೈತ ಮೆಂಬರ್ ಇದ್ವು."

ಆಗಲೇ ನಾಲ್ಕನೆಯ ದಿನ, ಕೊನೆಯ ದಿನ. ಮೋಟೆಲಿನ ಕೋಣೆಯಲ್ಲಿ ಕುಳಿತು ನಾನು ಬೇಲಿಯ ಕೆರೆಯ ಕುರಿತು ಜಿಲ್ಲಾಡಳಿತಕ್ಕೆ ಈಮೇಲು ಬರೆಯುತ್ತಿದ್ದೆ. ಹಾಸಿಗೆಯ ಚಾದರ ಬದಲಿಸಲು ಬಂದ ಮೆಕ್ಸಿಕೋದ ಹೆಂಗಸಿನೊಡನೆ ಅತ್ತೆ ಹೊರಗಿನ ಜಗಲಿಯಲ್ಲಿ ನಿಂತು ಎರಡೂ ಕೈಗಳಿಂದ ಗಾಳಿಯಲ್ಲಿ ಈಜಿ ತೋರಿಸುತ್ತಿದ್ದರು. ಆಕೆಯೂ ಕೈಯಲ್ಲೇ ಗುಡ್ಡ, ಸೇತುವೆ, ಎಡ ತಿರುವು, ಮಣ್ಣಿನ ದಾರಿ ಎಲ್ಲವನ್ನೂ ಬರೆದಳು. ನನ್ನ ಈಮೇಲು ಮುಗಿಯುವುದರೊಳಗೆ ಅತ್ತೆಗೆ ಕೆರೆ ಸಿಕ್ಕಿತ್ತು.

ಜಲ್ಲಿಕಲ್ಲಿನ ದಾರಿಯಲ್ಲಿ ಒಂದು ಗಂಟೆ ಕುಲುಕಿ ಹೋದೆವು. ಪೈನ್ ಮರಗಳ ನಡುವೆ ಬಟ್ಟಲಿನಂಥ ಪುಟ್ಟ ಕೆರೆ. ಬೇಲಿಯಿಲ್ಲ, ಗೇಟಿಲ್ಲ, ಆಶ್ಚರ್ಯವೆಂದರೆ ಫಲಕವೂ ಇಲ್ಲ. ನೀರಿನ ತಳದ ಉರುಟು ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು, ಮೇಲೆ ನೀಲಿ ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿದ್ದವು. ದಡದಿಂದ ಹತ್ತು ಹೆಜ್ಜೆಗೇ ಆಳ. ಸಿಟ್ಟು ಮಾಡಿಕೊಳ್ಳಲು ನನಗೆ ಅಲ್ಲಿ ಏನೆಂದರೆ ಏನೂ ಇರಲಿಲ್ಲ.

ಅತ್ತೆ ಚಪ್ಪಲಿ ಬಿಟ್ಟರು. ಬಳೆಗಳನ್ನು ಮೇಲಕ್ಕೆ ಏರಿಸಿಕೊಂಡರು. ಮರದ ಮರೆಗೆ ಹೋಗಿ ಕಚ್ಚೆ ಹಾಕಿ ಬಂದರು. ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಮೊದಲೆಂದೂ ನೋಡಿರಲಿಲ್ಲ.

"ಗಿರ್ಯಾ, ನನ್ನ ಬುರುಡಿ ತಗೀ."

ಗಿರೀಶ ಡಿಕ್ಕಿ ತೆಗೆದ. ಚಾಪೆ ಎತ್ತಿದ, ಕೂಲರು ಸರಿಸಿದ, ಮತ್ತೊಮ್ಮೆ ಸರಿಸಿದ. "ನಾನ ಇಟ್ಟಿದ್ನೆಲ್ಲಾ ಅವ್ವಾ, ಇಲ್ಲೇ, ಕೂಲರ್ ಬಾಜೂಕ..." ಎಂದು ನನ್ನ ಮುಖ ನೋಡಿದ.

"ಹೊರಡುವ ಗಡಿಬಿಡಿಯಲ್ಲಿ ಹೊರಗೇ ಉಳಿದಿರಬೇಕು," ಎಂದೆ. "ಮರೆತೆವು, ಅತ್ತೆ."

ಅದರ ಬದಲಿಗೆ ನಾನು ಒಂದು ಲೈಫ್ ಜಾಕೆಟ್ಟು ತರಿಸಿ ಇಟ್ಟಿದ್ದೆ. ಕಿತ್ತಳೆ ಬಣ್ಣದ್ದು, ಅಧಿಕೃತ ಮೊಹರು ಇರುವಂಥದ್ದು. ಅತ್ತೆ ಬೇಡವೆನ್ನದೆ ತೊಟ್ಟರು. ಸೀರೆಯ ಮೇಲೆ ಅದರ ಕೊಂಡಿ ಕೂಡಲಿಲ್ಲ, ನಾನು ಉಸಿರು ಬಿಗಿಹಿಡಿದು ಕೂಡಿಸಿದಾಗ ಅದು ಗಲ್ಲದವರೆಗೆ ಏರಿ ನಿಂತಿತು. ಮೊಣಕಾಲುದ್ದ ನೀರಿಗೆ ಇಳಿದರು, ಜಾಕೆಟ್ಟು ಕಿವಿಗೆ ಬಂತು, ಕೈ ಆಡಿಸಲಾಗಲಿಲ್ಲ. "ಗ್ಯಾಸ್ ಸಿಲಿಂಡರ್ ಅಪ್ಪಿಕೊಂಡಂಗ ಆಗತೈತಿ," ಎಂದು ನಕ್ಕು ಕಳಚಿಕೊಟ್ಟರು. ಅಂಗಡಿಗೆ ಹೋಗಿ ಹೊಸ ಕ್ಯಾನು ತರುತ್ತೇನೆ, ಹಾಲು ಚೆಲ್ಲಿದರಾಯಿತು ಎಂದ ಗಿರೀಶ. ಹೋಗಿಬರಲು ಮೂರು ಗಂಟೆ, ಮನೆ ಮುಟ್ಟಿ ಅತ್ತೆಯ ಪೆಟ್ಟಿಗೆ ಕಟ್ಟುವುದು ಯಾವಾಗ? "ಹಾಲು ಚೆಲ್ಲಿ ನಾ ಈಜಬೇಕಾ? ಬ್ಯಾಡೋ," ಎಂದರು. ನಮ್ಮಲ್ಲಿ ಈಜು ಬಲ್ಲವಳು ಹನ್ನೆರಡು ವರ್ಷದ ಮಗಳು ಮೈತ್ರಿ ಒಬ್ಬಳೇ. "ಅಜ್ಜಿ, ಐ ವಿಲ್ ಹೋಲ್ಡ್ ಯು, ಪ್ರಾಮಿಸ್," ಎಂದಳು. ಅತ್ತೆ ಅವಳ ಕೆನ್ನೆ ಹಿಂಡಿ, "ನೀ ಹಿಡದ್ರ ಇಬ್ಬರೂ ಹೋಗ್ತೀವಿ," ಎಂದು ಹೇಳಿ, ದಡದ ಬಂಡೆಯೊಂದರ ಮೇಲೆ ಕೂತು ಕಾಲು ಇಳಿಬಿಟ್ಟರು. ಹದಿಮೂರರ ಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಕಾದವರು ನೀರಿನೊಳಗೆ ಹತ್ತು ಬೆರಳು ಇಳಿಬಿಟ್ಟು ಕೂತರು. ಸ್ವಲ್ಪ ಹೊತ್ತಿನ ಬಳಿಕ ತಲೆ ಹಿಂದಕ್ಕೆ ಹಾಕಿ ಆಕಾಶ ನೋಡಿದರು. ಕೂತೇ.

ನಾನು ಜಾಕೆಟ್ಟನ್ನು ಡಿಕ್ಕಿಯಲ್ಲಿ ತುರುಕುತ್ತಿದ್ದಾಗ ಮೈತ್ರಿ ಪಕ್ಕಕ್ಕೆ ಬಂದಳು.

"ಅಮ್ಮಾ, ಯು ಟುಕ್ ದೆಮ್ ಔಟ್. ಐ ಸಾ ಯು."

"ಸುಮ್ಮನಿರು," ಎಂದೆ.

ಹೊಂಗೆ ಮರದ ಕೆಳಗಿನ ವೃತ್ತದಲ್ಲಿ ಬೆಳೆದವಳು, ಮಕ್ಕಳ ಬಾಯಿ ಮುಚ್ಚಿಸುವುದೇ ಮೊದಲ ಹಿಂಸೆಯೆಂದು ಭಾಷಣ ಮಾಡಿದವಳು, ಸುಮ್ಮನಿರು ಎಂದೆ.

ನಡೆದದ್ದು ಇಷ್ಟು. ಹೊರಡುವ ದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದಿತ್ತು, ಗಿರೀಶ ಸಾಮಾನು ತುಂಬಿ ಒಳಗೆ ಹೋಗಿದ್ದ. ಎದುರುಮನೆಯಾತ ಹುಲ್ಲಿಗೆ ನೀರು ಬಿಡುತ್ತ ನಮ್ಮ ತೆರೆದ ಡಿಕ್ಕಿಯತ್ತ ನೋಡಿ ಕೈ ಬೀಸಿದ. ಅವನ ದೃಷ್ಟಿಯನ್ನು ಹಿಡಿದು ನಾನೂ ನೋಡಿದೆ. ಎಲ್ಲಕ್ಕಿಂತ ಮೇಲೆ, ಕೆಂಪು ಚಿಂದಿ ಕಟ್ಟಿದ ಎರಡು ಹಾಲಿನ ಕ್ಯಾನು. ನನಗೆ ಈಜುಕೊಳದ ಕುರ್ಚಿಗಳು ಕಂಡವು, ಟವೆಲಿನಲ್ಲಿ ಒರೆಸಿದ ನಗು ಕಂಡಿತು, ಮುಂದಿನ ಕೆರೆಗಳ ದಡದಲ್ಲಿ ಇರಬಹುದಾದ ಎಲ್ಲ ಕುರ್ಚಿಗಳೂ ಕಂಡವು. ಸುರಕ್ಷತೆಯ ದೃಷ್ಟಿಯಿಂದ, ಎಂದು ನನಗೆ ನಾನೇ ಹೇಳಿಕೊಂಡೆ. ಅಧಿಕೃತ ಜಾಕೆಟ್ಟು ಇದೆಯಲ್ಲ, ಎಂದೂ ಹೇಳಿಕೊಂಡೆ. ಕ್ಯಾನುಗಳನ್ನು ಎತ್ತಿ ಹೀಟರಿನ ಹಿಂದೆ ತಳ್ಳಿದೆ. ಅರ್ಧ ನಿಮಿಷದ ಕೆಲಸ. ಆಮೇಲೆ ನಾಲ್ಕು ದಿನ ಗೇಟನ್ನು ಬೈದೆ, ಫಲಕವನ್ನು ಬೈದೆ, ಬೇಲಿಯನ್ನು ಬೈದೆ. ಆ ಸಿಟ್ಟುಗಳಲ್ಲಿ ಒಂದನ್ನೂ ನಾನು ಇಂದಿಗೂ ಹಿಂದಕ್ಕೆ ಪಡೆಯುವುದಿಲ್ಲ, ಅವೆಲ್ಲ ನ್ಯಾಯವಾದವುಗಳೇ. ಆದರೆ ಗೇಟು, ಫಲಕ, ಬೇಲಿ ಯಾವುದೂ ಇಲ್ಲದ ಕೆರೆಯೊಂದು ಕೊನೆಗೂ ಸಿಕ್ಕಾಗ, ಅತ್ತೆಗೂ ನೀರಿಗೂ ನಡುವೆ ಉಳಿದಿದ್ದವಳು ನಾನೊಬ್ಬಳೇ. ಅವರ ಅಜ್ಜಿಯನ್ನು ನಾನು ಎಷ್ಟೊಂದು ಬೈದಿದ್ದೆ! ಆ ಮುದುಕಿ ಕಣ್ಣೆದುರಿಗೇ ಬುರುಡೆ ಕೊಯ್ದು, ಕೊಯ್ದವಳು ತಾನೇ ಎಂದು ಗೂಟಕ್ಕೆ ತೂಗುಹಾಕಿದ್ದಳು.

ಅತ್ತೆ ಮರುದಿನ ವಿಮಾನ ಹತ್ತಿದರು. ಮರುವರ್ಷ ಬರುತ್ತೇನೆಂದವರಿಗೆ ಎರಡೂ ಮೊಣಕಾಲಿನ ಆಪರೇಶನ್ನಾಯಿತು. ಅಷ್ಟು ದೂರದ ಪ್ರಯಾಣವೂ ಬೇಡ, ನೀರಿನಲ್ಲಿ ಜಾರುವ ಹುಡುಗಾಟವೂ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಈಗ ಬಾಗಲಕೋಟೆಯಲ್ಲಿ ನಾದಿನಿಯ ಮನೆಯಲ್ಲಿ ವಾಕರು ಹಿಡಿದು ನಡೆಯುತ್ತಾರೆ, ನಾದಿನಿಯ ಅಡುಗೆಯನ್ನು ಟೀಕಿಸುತ್ತಾರೆ, ಶನಿವಾರಗಳಂದು ನಮ್ಮೊಡನೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾರೆ.

ಕಳೆದ ಶನಿವಾರವೂ ಕರೆ ಬಂತು. ಪ್ಲಂಬರು ಬಂದಾಗಿತ್ತು, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು, ನಾನು ಇನ್ನೂ ನೆಲದ ಮೇಲೆಯೇ ಕೂತಿದ್ದೆ. ಮೈತ್ರಿ ಫೋನು ತಂದು ನನ್ನ ಮುಖದ ಮುಂದೆ ಹಿಡಿದಳು. ಅವಳಿಗೀಗ ಹದಿನೈದು. ನನ್ನ ತೊಡೆಯ ಮೇಲಿದ್ದುದನ್ನು ನೋಡಿದಳು, ಫೋನನ್ನು ಮಾತ್ರ ತೆಗೆಯಲಿಲ್ಲ.

"ಅತ್ತೆ, ನಿಮ್ಮ ಬುರುಡೆ ಸಿಕ್ಕಿತು," ಎಂದೆ.

"ಎಲ್ಲಿತ್ತು?"

"ಇಟ್ಟಲ್ಲಿಯೇ ಇತ್ತು. ಇಟ್ಟವಳು ನಾನು. ಅವತ್ತು ಮರೆತಿರಲಿಲ್ಲ, ಅತ್ತೆ. ತೆಗೆದು ಬಚ್ಚಿಟ್ಟಿದ್ದೆ. ಜನ ನಗುತ್ತಾರೆಂದು."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮೂವತ್ತು ವರ್ಷ ಪೋಸ್ಟಿನ್ಯಾಗ ಇದ್ದಾಕಿ ನಾನು, ವಸುಧಾ. ಕಳದ ಪಾರ್ಸಲ್ ಯಾವುದು, ಬೇಕಂತ ಕಳಿಸಲಾರದ್ದು ಯಾವುದು, ಮಾರಿ ನೋಡಿದ್ರ ತಿಳೀತೈತಿ."

"ಗೊತ್ತಿತ್ತೇ? ಮತ್ತೆ ಒಂದು ಮಾತೂ ಅನ್ನಲಿಲ್ಲ. ಸಿಟ್ಟು ಬರಲಿಲ್ಲವೇ?"

"ಬಂದಿತ್ತು. ಈಗೂ ಐತಿ." ಅವರ ದನಿಯಲ್ಲಿ ನಗುವಿರಲಿಲ್ಲ. "ಎಲ್ಲಾರ ಕೂಡ ಜಗಳಾಡ್ತಿ, ನಿನಗ ನೀನ ಒಂದು ಅರ್ಜಿ ಬರಕೊಳ್ತೀಯೇನಂತ ಮೂರು ವರ್ಷ ಕಾದೆ."

ಪ್ಲಂಬರು ಸ್ಪ್ಯಾನರು ಕೆಳಗೆ ಇಟ್ಟು ನಮ್ಮ ಕಡೆ ನೋಡಿದ.

"ಸೊಂಟಕ್ಕ ಕಟಿಗೊಂಡು ತೋರ್ಸು," ಎಂದರು ಅತ್ತೆ.

"ಇಲ್ಲಿಯೇ? ಈಗ?"

"ಮತ್ತೆಲ್ಲಿ? ನಾ ಕಟಿಗೊಳ್ಳಾಕಂತೂ ಆಗೂದಿಲ್ಲ. ನಿನಗೂ ಈಜು ಬರೂದಿಲ್ಲ, ಮೈತ್ರಿ ಕಲಸ್ತಾಳ. ಆ ಸಣ್ಣ ಕೆರಿ ಇನ್ನಾ ಅಲ್ಲೇ ಇರತೈತಿ. ಏಳು."

ಎದ್ದೆ. ರಸ್ತೆಯಾಚೆ ಎದುರುಮನೆಯಾತ ಎಂದಿನಂತೆ ಹುಲ್ಲಿಗೆ ನೀರು ಬಿಡುತ್ತಿದ್ದ, ಪೈಪನ್ನು ಒಂದೇ ಕಡೆ ಹಿಡಿದು ನನ್ನನ್ನೇ ನೋಡತೊಡಗಿದ. ನಾನು ಕೆಂಪು ಅಂಚನ್ನು ಸೊಂಟಕ್ಕೆ ಸುತ್ತಿಕೊಂಡೆ. ಎರಡು ಕ್ಯಾನುಗಳೂ ಬೆನ್ನಿಗೆ ಬಂದು ಟೊಳ್ಳಾಗಿ ಬಡಿದವು. ಮೈತ್ರಿ ಫೋನನ್ನು ಗಂಟಿನ ಹತ್ತಿರಕ್ಕೆ ಹಿಡಿದಳು.

"ಎಳದು ನೋಡು."

ಎಳೆದೆ. "ಸಡಿಲವಾಗಿದೆ, ಅತ್ತೆ."

"ಸಡಿಲ ಇರತೈತಿ," ಎಂದರು ಅತ್ತೆ. "ಅದಕ್ಕಿನ್ನಾ ನೀರು ಮುಟ್ಟಿಲ್ಲಲ್ಲ."